ಮುಟ್ಟಬಾರದ ಫೋನು

ಧೊಂಡಿಬಾನ ಕುರಿಮರಿಯೊಂದು ವೈಜಿನಾಥನ ಮಾವಿನ ಸಸಿಗೆ ಬಾಯಿ ಹಾಕಿದ್ದೇ ಇಷ್ಟಕ್ಕೆಲ್ಲ ಮೂಲ. ಹಾಗಂತ ಮರಿ ಹೊಟ್ಟೆ ತುಂಬ ಮೇಯ್ದದ್ದೂ ಇಲ್ಲ. ಎರಡು ಚಿಗುರು ಕಚ್ಚಿ, ಒಗರು ಹತ್ತಿ, ಮುಖ ಸೊಟ್ಟ ಮಾಡಿ ಉಗುಳಿತ್ತು. ಧೊಂಡಿಬಾ ಓಡಿ ಹೋಗಿ ವೈಜಿನಾಥನಿಗೆ ಕೈಮುಗಿದ, ಸಸಿ ನೆಟ್ಟಿದ್ದ ಅವನ ಸೊಸೆ ಆರತಿಗೆ ಕೈಮುಗಿದ, ಮುಗಿದ ಕೈ ಬಿಡುವ ಮೊದಲು ಆ ಸಸಿಗೂ ಒಂದು ನಮಸ್ಕಾರ ಹಾಕಿದ. ಆದರೂ ಮುಂದಿನ ವಾರ ದಾರಿಗೆ ಅಡ್ಡ ತಂತಿ ಬೇಲಿ ಬಂತು, ಬೇಲಿಗೆ ಕಬ್ಬಿಣದ ಗೇಟು ಬಂತು, ಗೇಟಿಗೆ ಕೀಲಿ ಬಿತ್ತು.

ಸಂತಪುರದ ಅಂಚಿನಲ್ಲಿ, ವೈಜಿನಾಥನ ಹೊಲದ ನಟ್ಟನಡುವೆ ಹಾದು ಗುಡ್ಡದ ಕಡೆಗಿರುವ ಧೊಂಡಿಬಾನ ಹೊಲಕ್ಕೆ ಹೋಗುವ ಬಂಡಿ ದಾರಿ ಅದು. ಅವನ ಅಜ್ಜ ಕುರಿ ಹೊಡೆದುಕೊಂಡು ನಡೆದದ್ದು ಅದರಲ್ಲೇ, ಅಪ್ಪ ನಡೆದದ್ದೂ ಅದರಲ್ಲೇ. ಈಗ ಹಿಂಡು ಡಾಂಬರು ರಸ್ತೆಗಿಳಿದು, ಹಳ್ಳ ದಾಟಿ, ಗುಡ್ಡ ಬಳಸಿ ಹೋಗಬೇಕು. ಲಾರಿಯ ಹಾರ್ನು ಕೇಳಿದರೆ ಕುರಿಗಳು ದಿಕ್ಕಾಪಾಲು. ಒಂದು ಗಬ್ಬದ ಕುರಿ ರಸ್ತೆಯ ಮೇಲೆಯೇ ಪ್ರಾಣ ಬಿಟ್ಟ ದಿನ ಧೊಂಡಿಬಾನ ಹೆಂಡತಿ ಗಂಗುಬಾಯಿ ಒಲೆ ಹಚ್ಚಲಿಲ್ಲ. ಹೀಗೇ ಇನ್ನೊಂದು ಮಳೆಗಾಲ ಕಳೆದರೆ ಹಿಂಡು ಮಾರಿ ಕೈತೊಳೆಯಬೇಕಾಗುತ್ತದೆ, ಕುರಿಯಿಲ್ಲದ ಗಂಡನನ್ನು ತಾನು ಗುರುತು ಹಿಡಿಯುವುದೂ ಕಷ್ಟ ಎಂದು ಅವಳಿಗೆ ಹೊಳೆಯಿತು. ಮರುದಿನ ಅವನನ್ನು ಎಬ್ಬಿಸಿಕೊಂಡು ಹೋಗಿ ಔರಾದಿನಲ್ಲಿ ನಾಗಸೇನ ವಕೀಲರ ಮುಂದೆ ಕೂರಿಸಿದಳು.

ಎಬ್ಬಿಸಿಕೊಂಡು ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಕೋಲಿಗೆ ಗದ್ದ ಊರಿ, ನಿಂತಲ್ಲೇ ತೂಕಡಿಸುವ ವಿದ್ಯೆಯನ್ನು ಧೊಂಡಿಬಾ ಅಪ್ಪನಿಂದ ಕಲಿತಿದ್ದ. ಅವನ ನಿದ್ದೆಗೂ ಎಚ್ಚರಕ್ಕೂ ನಡುವೆ ಬೇಲಿಯೇ ಇರಲಿಲ್ಲ. ಇತ್ತಲಿಂದ ಅತ್ತ, ಅತ್ತಲಿಂದ ಇತ್ತ ಆರಾಮಾಗಿ ಓಡಾಡಿಕೊಂಡಿದ್ದ. ಕನಸಿನಲ್ಲಿ ಕಂಡವರಿಗೂ ನಮಸ್ಕಾರ ಹೇಳುತ್ತಿದ್ದ, ಎದ್ದ ಮೇಲೆ ಅವರು ಸಿಕ್ಕರೆ ನಿನ್ನೆಯ ಮಾತು ಮುಂದುವರಿಸುತ್ತಿದ್ದ. ಇಂಥ ಮನುಷ್ಯನಿಗೆ ದಾವೆ ಹೂಡಲು ಹೇಳುವುದೆಂದರೆ ಮೋಡಕ್ಕೆ ಮೂಗುದಾರ ಹಾಕಿದ ಹಾಗೆ. ಆದರೆ ಗಂಗುಬಾಯಿ ಹಾಕಿದಳು.

ನಾಗಸೇನ ವಕೀಲರು ಸಂತಪುರದವರೇ, ಧೊಂಡಿಬಾನ ಕಣ್ಣೆದುರು ಬೆಳೆದವರು. ಮೊದಲ ದಿನವೇ ಅವರು ಹೇಳಿದ್ದು ಒಂದೇ ಮಾತು.

“ಕಾಕಾ, ದಾರಿ ನಮ್ಮ ಹಕ್ಕು ಅಂತ ನೀವು ನಡದೀರಿ. ಅವರು ಬಿಟ್ಟಾರ ಅಂತ ನಡದಿಲ್ಲ. ಇಷ್ಟು ಸಾಬೀತಾದ್ರ ಗೆದ್ದೇವಿ. ಅವರ ಮೆಹರಬಾನಿ ಮ್ಯಾಲ ನಡದೀವಿ ಅಂತ ನಿಮ್ಮ ಬಾಯಿಂದ ಒಂದು ಮಾತು ಬಂತಂದ್ರ ಮುಗೀತು. ಬಿಡೂದೂ ಅವರ ಕೈಯಾಗ, ಬ್ಯಾಡ ಅನ್ನೂದೂ ಅವರ ಕೈಯಾಗ.”

ಧೊಂಡಿಬಾ ತಲೆಯಾಡಿಸಿದ. ಯಾರು ಏನು ಹೇಳಿದರೂ ತಲೆಯಾಡಿಸುವುದು ಅವನ ಮನೆತನದ ಮರ್ಯಾದೆ.

ಸಾಕ್ಷಿ ಹೇಳಲು ಮಾತ್ರ ಊರಲ್ಲಿ ಯಾರೂ ಮುಂದೆ ಬರಲಿಲ್ಲ. ವೈಜಿನಾಥನ ಬೋರಿನ ನೀರು ಹಿಡಿಯದ ಮನೆಗಳು ಅಲ್ಲಿ ಕಡಿಮೆ. ಕೊನೆಗೆ ನೆನಪಾದದ್ದು ಮಗಳು ಮೇಘಾ ತೆಗೆದಿದ್ದ ವಿಡಿಯೋ. ಹಿಂದಿನ ವರ್ಷದ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ ಊಟಕ್ಕೆ ಕೂತಿದ್ದರು. ಅವತ್ತು ಯಾರ ಹೊಲಕ್ಕೆ ಯಾರು ಕಾಲಿಟ್ಟರೂ ಉಣ್ಣದೆ ಹೋಗುವಂತಿಲ್ಲ. ವೈಜಿನಾಥನೂ ಬಂದಿದ್ದ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಹೊಟ್ಟೆಗಿಳಿದ ಮೇಲೆ ಅವನ ಮನಸ್ಸೂ ಅಗಲವಾಗಿ, ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ದಾರಿಯ ಕಡೆ ತೋರಿಸಿ ಹೇಳಿದ್ದ: ಈ ದಾರಿ ಧೊಂಡೂಂದ್ ಅದ, ಇದನ್ನ ಮುಚ್ಚೂ ಹಕ್ಕು ನಮ್ಮಪ್ಪಗೂ ಇದ್ದಿಲ್ಲ, ನನಗೂ ಇಲ್ಲ. ವಿಡಿಯೋ ನೋಡಿದ ನಾಗಸೇನರು ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಮತ್ತೆ ಕೂತರು.

ಆದರೆ ಫೋನು ತೋರಿಸಿದ ಮಾತ್ರಕ್ಕೆ ಕೋರ್ಟು ನಂಬುವುದಿಲ್ಲವಂತೆ. ವಿಡಿಯೋ ತೆಗೆದ ಅದೇ ಫೋನು ಬೇಕು, ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ಫೋನು ಇಟ್ಟುಕೊಂಡವನ ಸಹಿ, ಇನ್ನೊಂದಕ್ಕೆ ಕಂಪ್ಯೂಟರ್ ಬಲ್ಲವರ ಸಹಿ. ಅಂಥವರು ಬೀದರಿನಲ್ಲಿ ಒಬ್ಬರಿದ್ದಾರೆ, ಜಹೀರೋದ್ದೀನ ಅಂತ. ಅವರ ಹತ್ತಿರ ಹೋಗಿ ಬನ್ನಿ, ಆಮೇಲೆ ತಾರೀಖಿನ ದಿನ ಫೋನು ಕೋರ್ಟಿಗೆ ಕೊಡೋಣ ಎಂದರು. ಮೇಘಾ ಮದುವೆಯಾಗಿ ಕಮಲನಗರಕ್ಕೆ ಹೋಗುವಾಗ ಆ ಫೋನನ್ನು ಅಪ್ಪನಿಗೆ ಬಿಟ್ಟು ಹೋಗಿದ್ದಳು. ಮನೆಯಲ್ಲಿದ್ದದ್ದು ಅದೊಂದೇ. ಯಾರಾದರೂ ಕರೆ ಮಾಡಿದರೆ ಅದು ಟ್ರಿಣ್ ಅನ್ನುತ್ತಿರಲಿಲ್ಲ, ಕುರಿಮರಿಯ ಹಾಗೆ ಮ್ಯಾಂ ಅನ್ನುತ್ತಿತ್ತು. ಮೇಘಾ ತಮ್ಮದೇ ಹಟ್ಟಿಯ ಮರಿಯ ದನಿ ಹಿಡಿದು ಹಾಕಿದ್ದಳು.

“ಅಲ್ಲೀತನಕ ಇದರ ಮ್ಯಾಲ ಸುಮ್ಮ ಕೈ ಆಡಸಬ್ಯಾಡ್ರಿ ಕಾಕಾ,” ಎಂದರು ನಾಗಸೇನರು. “ಏನೂ ಅಳಸಬ್ಯಾಡ್ರಿ, ಯಾರ ಕೈಯಾಗೂ ಕೊಡಬ್ಯಾಡ್ರಿ.”

ವಕೀಲರು ಹೇಳಿದ್ದು ಇಷ್ಟೇ. ಉಳಿದದ್ದನ್ನು ಸಂತಪುರ ಸೇರಿಸಿತು. ಚಹಾದ ಹೋಟೆಲಿನಲ್ಲಿ ನರಸಿಂಗ ಮಾಸ್ತರರು, ಕರೆ ಎತ್ತಿದರೆ ಹೊಸ ದನಿ ಒಳಗೆ ಹೋಗಿ ಹಳೆಯ ದನಿಯ ಜೊತೆ ಕಲೆಯುತ್ತದೆ ಎಂದರು. ಪಂಪು ರಿಪೇರಿಯ ಸಂತೋಷಕುಮಾರ, ಫೋನು ಬಂದ್ ಮಾಡಿದರೆ ಒಳಗಿನ ತಾರೀಖು ಕೆಡುತ್ತದೆ, ಬಂದೂ ಮಾಡಬೇಡ ಎಂದ. ದರ್ಜಿ ಗೌಸೋದ್ದೀನ ಚಾಚಾ, ಬೆರಳಿನ ಬೆವರು ತಾಗದಂತೆ ಒಳ್ಳೆಯ ಬಟ್ಟೆಯಲ್ಲಿ ಸುತ್ತಿಡು ಎಂದು ಒಂದು ತುಂಡು ಜರಿಯ ಕಿನಖಾಪು ಕೊಟ್ಟರು. ಮಗ್ಗುಲ ಮನೆಯ ಕಸ್ತೂರಿಬಾಯಿ, ದೃಷ್ಟಿಯಾದೀತು ಎಂದು ಅದಕ್ಕೆ ಕರಿ ದಾರ ಕಟ್ಟಿದಳು.

ಇವೆಲ್ಲ ಧೊಂಡಿಬಾನಿಗೆ ವಿಚಿತ್ರವೆನಿಸಲಿಲ್ಲ. ಆಗ ತಾನೇ ಹುಟ್ಟಿದ ಮರಿಯನ್ನು ಕಂಡಕಂಡವರು ಮುಟ್ಟಿದರೆ ಪರರ ಕೈವಾಸನೆ ಹತ್ತಿ ತಾಯಿ ಕುರಿ ಅದನ್ನು ಒಲ್ಲೆ ಅನ್ನುತ್ತದೆ, ಮೊಲೆ ಕೊಡುವುದಿಲ್ಲ. ಕುರಿ ಕಾಯುವವರ ಮನೆಯಲ್ಲಿ ಎಳೆ ಮಕ್ಕಳಿಗೂ ಗೊತ್ತಿರುವ ಸಂಗತಿ. ಕೋರ್ಟೂ ಹಾಗೇ ಇರಬೇಕು, ಮೂಸಿ ನೋಡಿ ಬೇರೆ ವಾಸನೆ ಬಂದರೆ ಸಾಕ್ಷಿಯನ್ನು ಒದ್ದು ಬಿಡುತ್ತದೆ ಎಂದುಕೊಂಡ. ಫೋನನ್ನು ಕಿನಖಾಪಿನಲ್ಲಿ ಸುತ್ತಿ, ರೊಟ್ಟಿಯ ಸ್ಟೀಲು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿ ಬಗಲಿಗೆ ಹಾಕಿಕೊಂಡು, ತಾರೀಖಿನ ಹಿಂದಿನ ದಿನ ಬೆಳಿಗ್ಗೆ ಬೀದರ ಬಸ್ಸು ಹತ್ತಿದ.

ಮಾಘದ ಎಳೆಬಿಸಿಲು ಕಿಟಕಿಯಿಂದ ಬಂದು ತೊಡೆಯ ಮೇಲೆ ಬೆಕ್ಕಿನಂತೆ ಮಲಗಿತ್ತು. ಹೊರಗೆ ಕುಸುಬಿಯ ಹಳದಿ, ಬದುವಿನಲ್ಲಿ ಮುತ್ತಲದ ಕೆಂಪು, ಎಲ್ಲ ಹಿಂದೆ ಹಿಂದೆ ಹರಿದು ಹೋಗುತ್ತಿದ್ದವು. ಧೊಂಡಿಬಾನ ಕಣ್ಣು ತಾವಾಗಿ ಮುಚ್ಚಿದವು. ಅಲ್ಲಿ ಗೇಟು ತೆರೆದೇ ಇತ್ತು. ಕುರಿಗಳು ಒಂದರ ಹಿಂದೊಂದು ಹಾಲು ಸುರಿದಂತೆ ದಾಟುತ್ತಿದ್ದವು. ಅಪ್ಪ ಮುಂದೆ, ಅಜ್ಜ ಅದಕ್ಕೂ ಮುಂದೆ, ಯಾರಿಗೂ ಅವಸರವಿರಲಿಲ್ಲ. ಬೀದರ ಬಂದಾಗ ಕಂಡಕ್ಟರನೇ ಭುಜ ಅಲುಗಿಸಿ ಇಳಿಸಿದ.

ಚೌಬಾರಾದ ಹತ್ತಿರ ಓಣಿಯೊಳಗೆ ಓಣಿ ಹೊಕ್ಕು, ಮೂರು ಕಡೆ ತಪ್ಪಾಗಿ ಮೆಟ್ಟಿಲು ಹತ್ತಿ, ಹತ್ತಿದ ಕಡೆಯೆಲ್ಲ ಚಹಾ ಕುಡಿದು, ಕೊನೆಗೆ ಜಹೀರೋದ್ದೀನರ ಕಂಪ್ಯೂಟರ್ ಕ್ಲಾಸು ಸಿಕ್ಕಿತು. ಧೊಂಡಿಬಾ ಡಬ್ಬಿ ತೆಗೆಯುವ ಮೊದಲು ತುಂಬ ಸಂಕೋಚದಿಂದ, ಸಾಹೇಬರು ಕೈ ತೊಳೆದು ಬಂದರೆ ಚಲೋ ಆಗುತ್ತಿತ್ತು ಎಂದ. ಕಾನೂನಿಗೆ ಇಷ್ಟು ಗೌರವ ಕೊಡುವ ಕಕ್ಷಿದಾರನನ್ನು ಜಹೀರೋದ್ದೀನರು ಕಂಡಿರಲಿಲ್ಲ. ಸಾಬೂನು ಹಚ್ಚಿ ತೊಳೆದು ಬಂದರು. ಫೋನಿಗೆ ವೈರು ಚುಚ್ಚಿ, ವಿಡಿಯೋದ ನಕಲು ತೆಗೆದು, ಪರದೆಯ ಮೇಲೆ ಉದ್ದಕ್ಕೆ ಹರಡಿಕೊಂಡ ಅಕ್ಷರ ಅಂಕಿಗಳ ಸಾಲೊಂದನ್ನು ತೋರಿಸಿದರು.

“ಇದು ಈ ವಿಡಿಯೋದ ಗುರುತು ರೀ. ಒಳಗ ಒಂದು ಕೂದಲೆಳಿ ಬದಲಾದ್ರೂ ಈ ಗುರುತು ಪೂರಾ ಬದಲಾಗ್ತದ. ಹಿಂಗಾಗಿ ಯಾರೂ ತಿದ್ದಿಲ್ಲ ಅಂತ ಕೋರ್ಟಿಗೆ ತಿಳೀತದ.”

ಕುರಿಯ ಕಿವಿಗೆ ಹಾಕುವ ಗುರುತಿನ ಕಚ್ಚಿನ ಹಾಗೆ ಅನ್ನಿ, ಎಂದ ಧೊಂಡಿಬಾ. ಜಹೀರೋದ್ದೀನರಿಗೆ ಖುಷಿಯಾಯಿತು, ಇನ್ನು ಮೇಲೆ ಕ್ಲಾಸಿನಲ್ಲಿ ಹುಡುಗರಿಗೂ ಹಾಗೇ ಹೇಳುತ್ತೇನೆ ಎಂದರು. ಸಹಿಯಾಯಿತು, ಠಸ್ಸೆ ಬಿತ್ತು. ಧೊಂಡಿಬಾ ಅವರಿಗೆ, ಕಂಪ್ಯೂಟರಿಗೆ, ಬಾಗಿಲಲ್ಲಿ ಕೂತಿದ್ದ ಕಾವಲುಗಾರನಿಗೆ ಕೈಮುಗಿದು ಮೆಟ್ಟಿಲಿಳಿದ. ಒಂದು ಕೂದಲೆಳೆ ಎಂಬ ಮಾತು ಮಾತ್ರ ಅವನ ಮನಸ್ಸಿನಲ್ಲಿ ಭದ್ರವಾಗಿ ಕೂತಿತು.

ಬಸ್‌ಸ್ಟ್ಯಾಂಡಿನಲ್ಲಿ ಔರಾದ ಬಸ್ಸು ಹೊರಡುವುದಿತ್ತು. ಹತ್ತಿದರೆ ನಡುದಾರಿಯಲ್ಲಿ ಸಂತಪುರ, ಮಧ್ಯಾಹ್ನದ ಊಟಕ್ಕೆ ಮನೆ. ಅಷ್ಟರಲ್ಲಿ ಮುದುಕಿಯೊಬ್ಬಳು ಎರಡು ಗಂಟು ಹಿಡಿದು ಇನ್ನೊಂದು ಬಸ್ಸಿನ ಮೆಟ್ಟಿಲ ಹತ್ತಿರ ಒದ್ದಾಡುತ್ತಿದ್ದಳು. ಧೊಂಡಿಬಾ ಗಂಟು ಹತ್ತಿಸಿದ, ಮುದುಕಿಯನ್ನು ಹತ್ತಿಸಿದ, ಸೀಟು ಹಿಡಿದು ಕೊಟ್ಟ. ಗಂಟು ಜರಾ ನೋಡಿಕೋ ತಮ್ಮಾ, ನೀರು ಕುಡಿದು ಬರುತ್ತೇನೆ ಅಂದಳು ಅವಳು. ನೋಡಿಕೊಳ್ಳಲು ಕೂತ. ಬಿಸಿಲು ಮತ್ತೆ ತೊಡೆಗೆ ಬಂತು. ಮುದುಕಿ ಬಂದದ್ದು, ಬಸ್ಸು ಹೊರಟದ್ದು, ಯಾವುದೂ ಅವನ ಲೆಕ್ಕಕ್ಕೆ ಸಿಗಲಿಲ್ಲ.

ಗೇಟು ಈ ಸಲವೂ ತೆರೆದಿತ್ತು. ಹಿಂಡೆಲ್ಲ ದಾಟಿತ್ತು, ಒಂದು ಮರಿ ಮಾತ್ರ ಆಚೆ ಉಳಿದು ಅವನನ್ನೇ ಕರೆಯುತ್ತಿತ್ತು. ಬರ್ತೇನಿ ತಡಿ, ಬರ್ತೇನಿ ಅನ್ನುತ್ತಿದ್ದ ಧೊಂಡಿಬಾ. ಮರಿ ಸುಮ್ಮನಾಗಿ, ತುಸು ಹೊತ್ತಿಗೆ ಮತ್ತೆ ಶುರು ಮಾಡುತ್ತಿತ್ತು.

“ಮರಿ ಎಲ್ಲದ?” ಎಂದ ಕಂಡಕ್ಟರ.

“ಗೇಟಿನ ಆ ಕಡಿ ಅದ ರೀ,” ಎಂದ ಧೊಂಡಿಬಾ, ಕಣ್ಣು ತೆರೆಯದೆ.

ಕಂಡಕ್ಟರ ಸೀಟಿನ ಕೆಳಗೆ ಬಗ್ಗಿ ನೋಡಿದ. ಹಿಂದಿನ ಸಾಲಿನವರೂ ಬಗ್ಗಿದರು. ಕೋಳಿಗೂ ಟಿಕೆಟ್ ಉಂಟು, ಕುರಿಮರಿಯನ್ನು ಕಂಬಳಿಯಲ್ಲಿ ಬಚ್ಚಿಟ್ಟುಕೊಂಡು ನಿದ್ದೆಯ ಸೋಗು ಹಾಕುವುದು ಚಂದವಲ್ಲ ಎಂದು ಧೊಂಡಿಬಾನಿಗೆ ತಿಳಿಹೇಳಿದರು. ಅಷ್ಟು ಬಿಗಿಯಾಗಿ ಸುತ್ತಿದರೆ ಮರಿ ಉಸಿರುಗಟ್ಟಿ ಸಾಯುತ್ತದೆ ಎಂದು ಮುದುಕಿ ಮರುಗಿದಳು. ಸ್ಟೀಲು ಡಬ್ಬಿಯೊಳಗಿಂದ ಬರುತ್ತಿದ್ದ ದನಿ ಖರೇ ಮರಿಗಿಂತ ದಪ್ಪವಾಗಿ, ದೀನವಾಗಿ ಕೇಳುತ್ತಿತ್ತು. ಪೂರಾ ಎಚ್ಚರಾದ ಧೊಂಡಿಬಾ, ಇದು ಮರಿಯಲ್ಲ ರೀ, ಸಾಕ್ಷಿ ಎಂದ. ಸಾಕ್ಷಿ ಹೇಳುವ ಮರಿಯನ್ನು ನೋಡಲು ಮುಂದಿನ ಸಾಲಿನವರೂ ಎದ್ದು ಬಂದರು.

ಕಂಬಳಿ ಬಿಚ್ಚಿ ಡಬ್ಬಿ ತೆರೆದು ತೋರಿಸಿದ ಮೇಲೆ ಒಂದು ಗಲಾಟೆ ಮುಗಿದು ಇನ್ನೊಂದು ಶುರುವಾಯಿತು. ಕಿನಖಾಪಿನ ಸಂದಿಯಿಂದ ಪರದೆ ಓದಿದ ಒಬ್ಬ, ನಾಗಸೇನ ವಕೀಲರು ಅಂತ ಬರೆದಿದೆ, ಬಹಳ ಸಲ ಕರೆ ಮಾಡಿದ್ದಾರೆ, ಎತ್ತಬಾರದೇ ಎಂದ. ಧೊಂಡಿಬಾ ಒಂದು ಕ್ಷಣ ಅಲುಗಿದ. ಆಮೇಲೆ ಮುಗುಳ್ನಕ್ಕ.

“ಅವರು ನನ್ನ ಪರೀಕ್ಷಾ ಮಾಡ್ಲಾಕತ್ತಾರ ರೀ. ಎತ್ತಬ್ಯಾಡ ಅಂದವರೂ ಅವರೇ ಇದ್ದಾರ.”

ಬಸ್ಸಿನವರಿಗೆ ಈ ಮಾತಿನಲ್ಲಿ ಅರ್ಥ ಕಂಡಿತು. ವಕೀಲರು ಬಲು ಘಾಟಿ ಇರುತ್ತಾರೆ ಎಂದು ಒಬ್ಬ ಒಪ್ಪಿಕೊಂಡ. ಬೇಕಾದರೆ ನನ್ನ ಫೋನಿನಿಂದ ಮಾತಾಡು ಎಂದು ಇನ್ನೊಬ್ಬ ಕೊಡಲು ಬಂದ. ಆದರೆ ವಕೀಲರ ನಂಬರು ಇದ್ದದ್ದು ಮುಟ್ಟಬಾರದ ಫೋನಿನ ಒಳಗೆ. ಮಾತು ಅಲ್ಲಿಗೆ ನಿಂತು, ಕಂಡಕ್ಟರ ಎಲ್ಲಿಗೆ ಟಿಕೆಟ್ ಎಂದು ಕೇಳಿದಾಗ ಧೊಂಡಿಬಾ ಸಂತಪುರ ಅಂದ. ಕಂಡಕ್ಟರ ಕಿಟಕಿಯ ಹೊರಗೆ ಕೈ ಮಾಡಿದ. ಭಾಲ್ಕಿ ಬಂದಿತ್ತು.

ಭಾಲ್ಕಿಯ ಬಸ್‌ಸ್ಟ್ಯಾಂಡಿನಲ್ಲಿ, ಠಾಣಾ ಕುಶನೂರಿನ ಮೇಲೆ ಹಾದು ಸಂತಪುರಕ್ಕೆ ಹೋಗುವ ಬಸ್ಸು ಮೂರು ಗಂಟೆಯ ಮೇಲೆ ಎಂದರು. ಬೇವಿನ ನೆರಳಿನಲ್ಲಿ ಕೂತ. ಡಬ್ಬಿ ಮತ್ತೆ ಮ್ಯಾಂ ಅಂದಿತು. ಪೇರಲ ಹಣ್ಣಿನ ಬುಟ್ಟಿಯ ಹತ್ತಿರ ಸಿಪ್ಪೆ ತಿನ್ನುತ್ತಿದ್ದ ಒಂದು ಆಡು ಕತ್ತೆತ್ತಿ ನೋಡಿ, ನೇರವಾಗಿ ಬಂದು ಅವನ ಬಗಲಿಗೆ ಮೂತಿ ತೂರಿಸಿತು. ಧೊಂಡಿಬಾ ಬೇರೆ ಕಡೆ ಸರಿದು ಕೂತ. ಆಡೂ ಸರಿಯಿತು. ಹೋಗವ್ವಾ ತಾಯಿ ಎಂದು ವಿನಯದಿಂದ ಬೇಡಿಕೊಂಡ. ಅದು ಗಂಟಲು ಬಿಚ್ಚಿ ಒದರತೊಡಗಿತು, ಡಬ್ಬಿ ಒಳಗಿಂದ ಉತ್ತರ ಕೊಡತೊಡಗಿತು.

ಪೇರಲ ಮಾರುವವಳ ಕರುಳು ಚುರ್ ಅಂದಿತು. ಹಡೆದ ತಾಯಿ ಹೀಗೆ ಒದರುವಾಗ ಮರಿಯನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಕೂತಿದ್ದಾನಲ್ಲ, ಇವನಿಗೂ ಮಕ್ಕಳಿರಬಹುದಲ್ಲ ಎಂದು ನಾಲ್ಕು ಜನ ಕೇಳುವಂತೆ ಹೇಳಿದಳು. ನಾಲ್ಕು ಹೋಗಿ ನಲವತ್ತು ಜನ ಸೇರಿದರು. ಆಡು ಕದಿಯುವವರು ಹೀಗೇ ಸಭ್ಯರಂತೆ ಕಾಣುತ್ತಾರೆ ಎಂದ ಒಬ್ಬ. ಅತಿ ವಿನಯಂ ಧೂರ್ತ ಲಕ್ಷಣಂ ಎಂಬ ಮಾತಿಗೆ ಕೈಮುಗಿದು ನಿಂತ ಧೊಂಡಿಬಾ ಒಳ್ಳೆಯ ಚಿತ್ರದಂತಿದ್ದ. ಬೇರೆ ದಾರಿ ಕಾಣದೆ ಎಲ್ಲರೆದುರು ಡಬ್ಬಿಯ ಮುಚ್ಚಳ ತೆಗೆದ.

ತೆಗೆದದ್ದೇ ತಡ, ಆಡು ಕತ್ತು ಚಾಚಿ ಕಿನಖಾಪು ಸರಿಸಿ, ಕೂಗುತ್ತಿದ್ದ ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಒಂದು ಸಲ ಪ್ರೀತಿಯಿಂದ ನೆಕ್ಕಿತು. ಮರಿಯ ದನಿ ನಿಂತಿತು. ಡಬ್ಬಿಯೊಳಗಿಂದ ನಾಗಸೇನ ವಕೀಲರು ಮಾತಾಡಿದರು.

“ಕಾಕಾ, ಎಲ್ಲಿದ್ದೀರಿ? ವೈಜಿನಾಥ ಗೇಟ್ ತಗದು—”

ಧೊಂಡಿಬಾ ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟ. ಒಂದು ಕೂದಲೆಳೆ ಎಂದಿದ್ದರು ಜಹೀರೋದ್ದೀನ ಸಾಹೇಬರು, ಇಲ್ಲಿ ಪೂರ್ತಿ ಆಡಿನ ನಾಲಿಗೆಯೇ ಹಾದು ಹೋಗಿತ್ತು. ಜನ ನಗುತ್ತ ಚದುರಿದರು, ಪೇರಲದವಳು ನಾಚಿ ಒಂದು ಹಣ್ಣು ಕೊಟ್ಟಳು. ಅವನು ಅಂಗಿಯ ಚುಂಗಿನಿಂದ ಪರದೆಯ ಜೊಲ್ಲನ್ನು ಒತ್ತದಂತೆ, ಉಜ್ಜದಂತೆ, ಊದಿ ಊದಿ ಒರೆಸಿದ. ಆದರೆ ಹೆದರಿಕೆಯ ಕೆಳಗೆ ಬೇರೆ ಏನೋ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ವೈಜಿನಾಥ ಗೇಟು ತೆಗೆದಿದ್ದಾನೆ ಎಂದು ಸ್ವತಃ ವಕೀಲರೇ ಹೇಳಿದ್ದರು. ಬಸ್ಸು ಬರುವವರೆಗೂ, ಬಂದ ಮೇಲೂ, ಅವನಿಗೆ ಆ ಮಾತೇ ಸಾಕಾಗಿತ್ತು. ಡಬ್ಬಿ ದಾರಿಯುದ್ದಕ್ಕೂ ಕರೆಯುತ್ತಲೇ ಇತ್ತು, ಅವನು ಅದನ್ನು ತಟ್ಟಿ ತಟ್ಟಿ ಸಮಾಧಾನ ಮಾಡುತ್ತ ಬಂದ.

ಹೊತ್ತು ಇಳಿಯುತ್ತಿದ್ದಾಗ ಗುಡ್ಡದ ತಿರುವಿನಲ್ಲಿ ಇಳಿದ. ಗಂಗುಬಾಯಿ ಹಿಂಡು ಹೊಡೆದುಕೊಂಡು ಹೊಲದಿಂದ ಮರಳುತ್ತಿದ್ದಳು. ಅವಳು ಕುಂಟುವ ಕುರಿಯೊಂದರ ಜೊತೆ ತೀರ ಹಿಂದೆ ಇದ್ದಳು, ಹಿಂಡು ಅಭ್ಯಾಸಬಲದಿಂದ ಬೇಲಿಯ ಹತ್ತಿರ ಬಂದು ನಿಂತಿತ್ತು. ಧೂಳು ಚಿನ್ನದ ಬಣ್ಣಕ್ಕೆ ತಿರುಗಿ ನೆಲದಿಂದ ಮೊಣಕಾಲೆತ್ತರ ತೇಲುತ್ತಿತ್ತು. ಅದರ ನಡುವೆ ಗೇಟು ಅಗಲವಾಗಿ ತೆರೆದುಕೊಂಡಿತ್ತು. ಗೇಟಿನ ಪಕ್ಕ ವೈಜಿನಾಥ ಬಿಳಿ ಧೋತರ ಉಟ್ಟು, ಹೊಸ ಬೀಗರನ್ನು ಎದುರುಗೊಳ್ಳುವವನಂತೆ ಕೈ ಚಾಚಿ ನಿಂತಿದ್ದ.

ಧೊಂಡಿಬಾ ಕಣ್ಣುಜ್ಜಿಕೊಳ್ಳಲಿಲ್ಲ. ಉಜ್ಜಿಕೊಂಡರೆ ಎಚ್ಚರಾದೀತು ಎಂಬ ಹೆದರಿಕೆ. ಬೆಳಿಗ್ಗೆಯಿಂದ ಕಂಡದ್ದೇ ಈಗಲೂ ಕಾಣುತ್ತಿತ್ತು, ಒಂದೇ ವ್ಯತ್ಯಾಸವೆಂದರೆ ಈ ಸಲ ಬಸ್ಸಿನ ಸದ್ದಿರಲಿಲ್ಲ.

“ಬಾರೋ ಧೊಂಡೂ,” ಎಂದ ವೈಜಿನಾಥ. “ಹೊಡಿ ಕುರಿ. ನಾ ಬಿಟ್ಟೀನಿ, ನೀ ಹೋಗು. ನಾ ಯಾವಾಗರೆ ಬ್ಯಾಡ ಅಂದೀನೇನು?”

ಹಿಂಡಿಗೆ ಹೇಳಿಕೆಯೇ ಬೇಕಿರಲಿಲ್ಲ. ಮುಂದಿನ ಟಗರು ಕಾಲಿಟ್ಟಿತು, ಉಳಿದವು ಹಾಲು ಸುರಿದಂತೆ ಹಿಂದೆ ಸುರಿದವು. ಧೊಂಡಿಬಾ ನೋಡುತ್ತ ನಿಂತ. ಎಷ್ಟು ತಿಂಗಳಾದ ಮೇಲೆ ತಮ್ಮ ದಾರಿಯ ಮಣ್ಣು ಕುರಿಗಳ ಕಾಲಿಗೆ ಹತ್ತುತ್ತಿತ್ತು! ಚಿಕ್ಕಂದಿನಲ್ಲಿ ಇದೇ ದಾರಿಯಲ್ಲಿ ಬುಗುರಿ ಆಡಿದ ಗೆಳೆಯ ಇದೇ ದಾರಿಯಲ್ಲಿ ನಿಂತು ಕರೆಯುತ್ತಿರುವಾಗ ಎರಡು ಒಳ್ಳೆಯ ಮಾತೂ ಆಡದಿದ್ದರೆ ಮನುಷ್ಯನೇ ಅಲ್ಲ ಅನ್ನಿಸಿತು. ಕೈಮುಗಿದು ಹೇಳಿದ.

“ನಿಮ್ಮ ಮೆಹರಬಾನಿ ಅಣ್ಣಾ. ನಿಮ್ಮಪ್ಪ ಬಿಟ್ಟಿದ್ರು, ನಮ್ಮಪ್ಪ ನಡದ. ನೀವು ಬಿಟ್ರಿ, ನಾವು ನಡದೇವಿ. ನೀವು ಬ್ಯಾಡ ಅಂದಿದ್ರ ನಮ್ಮದೇನು ಜೋರು ನಡೀತಿತ್ತು?”

ವೈಜಿನಾಥ ಕಿವಿಗೆ ಕೈ ಹಚ್ಚಿದ. ಕುರಿಗಳ ಗದ್ದಲದಲ್ಲಿ ಕೇಳಲಿಲ್ಲ, ಜರಾ ಜೋರಾಗಿ ಹೇಳು, ಇತ್ತ ಬೆಳಕಿನ ಕಡೆ ಬಂದು ನಿಂತು ಹೇಳು ಎಂದ. ದೊಡ್ಡವರಾದ ಮೇಲೆ ಕಿವಿ ಮಂದವಾಗುವುದು ಸಹಜ. ಧೊಂಡಿಬಾ ಬೆಳಕಿನ ಕಡೆ ಬಂದು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ಮೊದಲಿನಿಂದ ಪೂರ್ತಿ ಹೇಳಿದ.

ಹೇಳಿ ಮುಗಿಸಿ ತಿರುಗಿದಾಗ ಜೋಳದ ಕಣಕಿಯ ಬಣವೆಯ ಹಿಂದಿನಿಂದ ವೈಜಿನಾಥನ ಸೊಸೆ ಆರತಿ ಹೊರಗೆ ಬಂದಳು. ಅವಳ ಕೈಯಲ್ಲಿ ಫೋನಿತ್ತು, ಅದರ ಕಣ್ಣು ಧೊಂಡಿಬಾನನ್ನೇ ನೋಡುತ್ತಿತ್ತು. ಅದೇ ಹೊತ್ತಿಗೆ ಅವನ ಬಗಲಿನ ಡಬ್ಬಿಯೂ ಕೂಗಿತು. ಕುಂಟುವ ಕುರಿಯೊಡನೆ ಈಗಷ್ಟೇ ಬಂದು ಮುಟ್ಟಿದ್ದ ಗಂಗುಬಾಯಿ ಮಡಿ ಮೈಲಿಗೆ ನೋಡುವವಳಲ್ಲ. ಕಂಬಳಿಗೆ ಕೈ ಹಾಕಿ, ಮುಚ್ಚಳ ಕಿತ್ತು, ಫೋನನ್ನು ಕಿವಿಗೆ ಹಚ್ಚಿಕೊಂಡು ಯಾರು ಅಂದಳು. ನಾಗಸೇನರ ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿತ್ತು.

“ಕಾಕೂ, ಕಾಕಾಗ ಹೇಳ್ರಿ. ತನ್ನ ಪರವಾನಿಗಿ ಮ್ಯಾಲೇ ನೀವು ಓಡಾಡ್ತೀರಿ ಅಂತ ವೈಜಿನಾಥ ಇವತ್ತ ಕೋರ್ಟಿಗೆ ಬರದು ಕೊಟ್ಟಾನ. ಗೇಟ್ ತಗದು ಕರೀತಾನ, ವಿಡಿಯೋ ಮಾಡಸ್ತಾನ. ಆ ದಾರಿ ತುಳೀಬ್ಯಾಡ್ರಿ, ಒಂದು ಮಾತೂ ಆಡಬ್ಯಾಡ್ರಿ. ಮುಂಜಾನಿಂದ ಇದನ್ನೇ ಹೇಳ್ಲಾಕತ್ತೀನಿ.”

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಗಂಗುಬಾಯಿ ಗೇಟಿನ ಕಡೆ ನೋಡಿದಳು. ಕುಂಟುವ ಕುರಿಯೂ ದಾಟಿಯಾಗಿತ್ತು. ಫೋನನ್ನು ಕೆಳಗಿಳಿಸಿ ಅವಳು ಬೇಲಿಯ ಕಲ್ಲಿನ ಮೇಲೆ ಕೂತಳು. ಧೊಂಡಿಬಾನಿಗೆ ಈಗ ತಿಳಿಯಿತು. ಅಜ್ಜ ನಡೆದ ದಾರಿ, ಅಪ್ಪ ನಡೆದ ದಾರಿ, ಅದನ್ನು ತಾನೇ ಎರಡು ಸಲ, ಎರಡನೆಯ ಸಲ ಸ್ಪಷ್ಟವಾಗಿ, ಕೈಯಾರೆ ಕೊಟ್ಟುಬಿಟ್ಟಿದ್ದ. ಇದೂ ಕನಸಾಗಿರಬಾರದೇ ಎಂದು ಮೊದಲ ಸಲ ತನ್ನ ತೋಳು ಚಿವುಟಿಕೊಂಡ. ನೋವಾಯಿತು. ವೈಜಿನಾಥ ನೆಲ ನೋಡುತ್ತ, ನಮ್ಮ ವಕೀಲರು ಹೇಳಿದ ಹಾಗೆ ಮಾಡಬೇಕಾಗುತ್ತದೆ ಧೊಂಡೂ ಎಂದು ಗೊಣಗಿ ಮನೆಯ ಕಡೆ ನಡೆದ.

ಆರತಿ ಮಾತ್ರ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು ಹತ್ತಿರ ಬಂದು ನಿಂತಳು. ಏನೋ ಕೇಳಬೇಕು, ಕೇಳಲು ನಾಚಿಕೆ ಅನ್ನುವಂತಿತ್ತು ಅವಳ ಮುಖ.

“ಕಾಕಾ, ತಪ್ಪ ತಿಳೀಬ್ಯಾಡ್ರಿ. ಈ ವಿಡಿಯೋಕ್ಕೂ ಅದೇನೋ ಸರ್ಟಿಫಿಕೇಟ್ ಬೇಕಂತ ರೀ. ನೀವು ಎಲ್ಲಿ ಮಾಡಿಸಿದ್ರಿ?”

ಗಂಗುಬಾಯಿ ಗಂಡನ ಮುಖವನ್ನೇ ದಿಟ್ಟಿಸಿದಳು. ಧೊಂಡಿಬಾ ಅವಳ ಕಣ್ಣು ತಪ್ಪಿಸಿ ಆಕಾಶ ನೋಡಿದ, ಕುರಿ ನೋಡಿದ. ಆದರೆ ಊರ ಸೊಸೆಯೊಬ್ಬಳು ಎದುರು ನಿಂತು ದಾರಿ ಕೇಳಿದಾಗ ಗೊತ್ತಿಲ್ಲ ಅನ್ನುವುದು ಅವನ ಮನೆತನದಲ್ಲಿ ಯಾರಿಗೂ ಬಂದಿರಲಿಲ್ಲ. ಚೌಬಾರಾದ ಹತ್ತಿರ ಇಂಥ ಓಣಿ, ಓಣಿಯೊಳಗಿನ ಓಣಿ, ಮೇಲಿನ ಮಾಳಿಗೆ, ಜಹೀರೋದ್ದೀನ ಅಂತ ಬಲು ಒಳ್ಳೆಯವರು ಎಂದು ಮೊದಲು ಹೇಳಿದ. ಹೇಳುತ್ತ ಹೇಳುತ್ತ, ತಾನು ಮೂರು ಕಡೆ ತಪ್ಪು ಮೆಟ್ಟಿಲು ಹತ್ತಿದ್ದು ನೆನಪಾಗಿ, ಹುಡುಗಿ ಎಲ್ಲಿ ಅಲೆದಾಡುತ್ತಾಳೋ ಎಂದು ಮನಸ್ಸು ಕಸಿವಿಸಿಯಾಯಿತು.

“ಒಬ್ಬಾಕಿನೇ ಹೋಗಬ್ಯಾಡವ್ವಾ, ನಿನಗ ಸಿಗಂಗಿಲ್ಲ,” ಎಂದ. “ನಾಳಿ ನಮ್ಮ ತಾರೀಖ ಅದ. ನಾಡದ ಮುಂಜಾನಿ ಬಸ್ಸಿಗೆ ಬಾ, ನಾನೇ ಕರಕೊಂಡು ಹೋಗಿ ಮಾಡಿಸಿ ಕೊಡ್ತೇನಿ.”

ಆರತಿ ಆಗಲಿ ಕಾಕಾ ಎಂದಳು.